ಬೋರ್ ಆಳವಾಯಿತು, ಕೇಬಲ್ ಅದೇ ಉಳಿಯಿತು: ವೈರಿನ ಉದ್ದ, ದಪ್ಪ, ಲೋಹದ ಲೆಕ್ಕ

ನಮ್ಮದು ಶ್ರೀನಿವಾಸಪುರದ ಕಡೆ. ಮಾವಿನ ತೋಟ, ಅದರ ಪಕ್ಕ ಒಂದೂವರೆ ಎಕರೆ ಟೊಮೆಟೊ. ಹಳೆ ಬೋರ್‌ನಲ್ಲಿ 5 ಎಚ್‌ಪಿ ಮೋಟಾರು ಇತ್ತು. ಸ್ಟಾರ್ಟರ್‌ನಿಂದ (ಮೋಟಾರು ಚಾಲೂ ಮಾಡುವ ಪೆಟ್ಟಿಗೆಯಿಂದ) ಮೋಟಾರಿನ ತನಕ 600 ಅಡಿ ಕೇಬಲ್, 4 ಸ್ಕ್ವೇರ್‌ದು, ಅಂದರೆ ಒಳಗಿನ ತಂತಿಯ ದಪ್ಪ 4 ಚದರ ಮಿಲಿಮೀಟರ್. ಆ ಬೋರ್ ಬತ್ತಿತು. ಹೊಸದು ಕೊರೆಸಿದಾಗ ನೀರು ಸಿಕ್ಕಿದ್ದು ಸಾವಿರ ಅಡಿ ದಾಟಿದ ಮೇಲೆ. ಮೋಟಾರು 10 ಎಚ್‌ಪಿ ಆಯಿತು, ಕೇಬಲ್ 1,200 ಅಡಿ ಬೇಕಾಯಿತು. ಹಳೆ ಕೇಬಲ್ ಗಟ್ಟಿಯಾಗೇ ಇದೆಯಲ್ಲ ಎಂದು ಅದಕ್ಕೇ ಇನ್ನೊಂದು 600 ಅಡಿ, ಅದೇ 4 ಸ್ಕ್ವೇರ್, ಸೇರಿಸಿ ಇಳಿಸಿದೆವು.

ಎರಡು ತಿಂಗಳಿಗೆ ಕಾಯಿಲ್ ಸುಟ್ಟಿತು. ರೀವೈಂಡಿಂಗ್ ಮಾಡಿಸಿ, ಅಂದರೆ ಹೊಸ ತಂತಿ ಸುತ್ತಿಸಿ, ಇಳಿಸಿದೆವು. ಮತ್ತೆ ಸುಟ್ಟಿತು. ಮೋಟಾರನ್ನು ಬೈದೆವು, ಓಲ್ಟೇಜನ್ನು ಬೈದೆವು, ಕಾಯಿಲ್ ಸುತ್ತಿದವರನ್ನೂ ಬೈದೆವು. ಎರಡನೇ ಸಲ ಒಯ್ದಾಗ ಬೇರೊಬ್ಬ ಮೆಕ್ಯಾನಿಕ್ಕು ಕೇಳಿದ್ದು ಎರಡೇ ಮಾತು: ಕೇಬಲ್ ಎಷ್ಟು ಅಡಿ, ಎಷ್ಟು ಸ್ಕ್ವೇರ್? ಅಲ್ಲಿಯ ತನಕ ಯಾರೂ ಈ ಎರಡನ್ನೂ ಒಟ್ಟಿಗೆ ಕೇಳಿರಲಿಲ್ಲ. ಅಂಗಡಿಯಲ್ಲಿ ಎಚ್‌ಪಿ ಕೇಳುತ್ತಾರೆ, ಅಡಿ ಕೇಳುವುದಿಲ್ಲ. ಇಡೀ ತಪ್ಪು ಅಲ್ಲೇ ಇದೆ.

ಕೋಲಾರ, ಚಿಕ್ಕಬಳ್ಳಾಪುರ, ಶಿರಾ, ಪಾವಗಡ, ಎಲ್ಲೆಡೆ ಬೋರ್ ಆಳವಾಗುತ್ತಲೇ ಇದೆ. ಅದಕ್ಕೇ ಈ ಲೆಕ್ಕವನ್ನು ಹಂತ ಹಂತವಾಗಿ ಬರೆದಿಡುತ್ತಿದ್ದೇನೆ. ಬೇಕಾದದ್ದು ಮೊಬೈಲ್‌ನ ಕ್ಯಾಲ್ಕುಲೇಟರ್, ಒಂದು ಸಾಧಾರಣ ಮಲ್ಟಿಮೀಟರ್, ಒಂದು ಸಣ್ಣ ತಕ್ಕಡಿ. ಅಷ್ಟೇ.

ಮೊದಲು ರೋಧ ಅಂದ್ರೆ ಏನು ಅಂತ

ತಂತಿಯಲ್ಲಿ ಕರೆಂಟು ಹರಿಯುವಾಗ ತಂತಿ ಅದಕ್ಕೆ ಅಡ್ಡಿ ಮಾಡುತ್ತದೆ. ಆ ಅಡ್ಡಿಯೇ ರೋಧ. ಅಳೆಯುವುದು ಓಮ್‌ನಲ್ಲಿ. ಹತ್ತನೇ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇ: ತಂತಿ ಉದ್ದವಾದಷ್ಟೂ ರೋಧ ಜಾಸ್ತಿ, ದಪ್ಪವಾದಷ್ಟೂ ಕಡಿಮೆ, ಉಳಿದದ್ದು ಯಾವ ಲೋಹ ಅನ್ನುವುದರ ಮೇಲೆ. ಅಂಕ ಬಂತು, ಮರೆತೆವು.

ಡ್ರಿಪ್ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಣ್ಣ ಲ್ಯಾಟರಲ್ ಪೈಪನ್ನು ಸಾಲಿನುದ್ದಕ್ಕೂ ಎಳೆದುಬಿಟ್ಟರೆ ಕೊನೆಯ ಗಿಡಕ್ಕೆ ನೀರು ಮುಟ್ಟುವುದಿಲ್ಲ. ಒತ್ತಡವೆಲ್ಲ ಪೈಪಿನಲ್ಲೇ ಕರಗಿಹೋಗುತ್ತದೆ. ಕೇಬಲ್‌ನಲ್ಲೂ ಹಾಗೆಯೇ. ಸ್ಟಾರ್ಟರ್ ಹತ್ತಿರ 400 ವೋಲ್ಟ್ ತೋರಿಸಿದರೂ ಕೆಳಗಿನ ಮೋಟಾರಿಗೆ ಅಷ್ಟು ಸಿಗುವುದಿಲ್ಲ. ನಡುವೆ ಕರಗುವ ವೋಲ್ಟು ಕೇಬಲ್ಲನ್ನು ಬಿಸಿ ಮಾಡಲು ಖರ್ಚಾಗುತ್ತದೆ.

ಒಂದು ಗೊಂದಲವನ್ನು ಇಲ್ಲೇ ಮುಗಿಸಿಬಿಡೋಣ. ‘4 ಸ್ಕ್ವೇರ್ 10 ಎಚ್‌ಪಿ ತಡೆಯುತ್ತೆ’ ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ವೈರು ಸುಡದೆ ಅಷ್ಟು ಕರೆಂಟನ್ನು ಹೊರುತ್ತದೆ. ಆದರೆ ವೈರು ಸುಡದೆ ಇರುವುದು ಒಂದು, ಮೋಟಾರಿಗೆ ಸಾಕಷ್ಟು ವೋಲ್ಟ್ ತಲುಪಿಸುವುದು ಇನ್ನೊಂದು. ಮನೆಯ ವೈರಿಂಗ್‌ನಲ್ಲಿ ಐವತ್ತು ಅಡಿಯ ಮಾತು, ಅಲ್ಲಿ ಮೊದಲನೆಯದನ್ನು ನೋಡಿದರೆ ಸಾಕು. ಸಾವಿರ ಅಡಿಯಲ್ಲಿ ಎರಡನೆಯದೇ ಮುಖ್ಯ.

ಹಂತ 1: ಉದ್ದ

ಬೋರ್‌ನ ಆಳವನ್ನಲ್ಲ, ಕೇಬಲ್‌ನ ಉದ್ದವನ್ನು ಹಿಡಿಯಿರಿ. ಮೋಟಾರು ಇಳಿದಿರುವ ಆಳ, ಅದರ ಜೊತೆಗೆ ಬೋರ್ ಬಾಯಿಂದ ಸ್ಟಾರ್ಟರ್ ಪೆಟ್ಟಿಗೆ ತನಕದ ದೂರ. ಅಡಿಯನ್ನು 0.305ರಿಂದ ಗುಣಿಸಿದರೆ ಮೀಟರ್. ನಮ್ಮ 1,200 ಅಡಿ ಅಂದರೆ 366 ಮೀಟರ್.

ಮಿಕ್ಕ ಕೇಬಲ್ಲನ್ನು ಸುರುಳಿ ಸುತ್ತಿ ಪೆಟ್ಟಿಗೆಯ ಹಿಂದೆ ನೇತುಹಾಕುವ ಅಭ್ಯಾಸ ನಮ್ಮಲ್ಲಿದೆ. ಮುಂದಕ್ಕೆ ಬೋರ್ ಇನ್ನೂ ಆಳವಾದರೆ ಇರಲಿ ಎಂದು. ನೂರು ಅಡಿ ಸುರುಳಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಕರೆಂಟು ಅದನ್ನೂ ಸುತ್ತಿಕೊಂಡೇ ಹೋಗಬೇಕು. ಸಾಲದ್ದಕ್ಕೆ ಒತ್ತಾಗಿ ಸುತ್ತಿದ ಕೇಬಲ್‌ಗೆ ಗಾಳಿ ಆಡುವುದಿಲ್ಲ, ಬಿಸಿಯಾಗುತ್ತದೆ. ತಾಮ್ರ ಬಿಸಿಯಾದರೆ ರೋಧ ಏರುತ್ತದೆ. 20 ಡಿಗ್ರಿಯಿಂದ 60 ಡಿಗ್ರಿಗೆ ಹೋದರೆ ಸುಮಾರು 16 ಶೇಕಡಾ ಜಾಸ್ತಿ. ಬೋರ್ ಒಳಗೆ ನೀರಲ್ಲಿರುವ ಭಾಗ ತಣ್ಣಗಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಪ್ಪು ಕೇಬಲ್ ನೆಲದ ಮೇಲೆ ಬಿದ್ದಿದ್ದರೆ ಅದರ ಕಥೆ ಬೇರೆ.

ಹಂತ 2: ದಪ್ಪ, ನಂಬಬೇಡಿ, ಅಳೆಯಿರಿ

ಕೇಬಲ್ ಮೇಲೆ ಅಚ್ಚಾಗಿರುವ 4, 6, 10 ಅನ್ನುವುದು ತಂತಿಯ ಅಡ್ಡಗಲ ಅಲ್ಲ. ಅಡ್ಡ ಕತ್ತರಿಸಿದರೆ ಕಾಣುವ ಲೋಹದ ವಿಸ್ತೀರ್ಣ, ಚದರ ಮಿಲಿಮೀಟರ್‌ನಲ್ಲಿ. ವಿಸ್ತೀರ್ಣ ಎರಡರಷ್ಟಾದರೆ ರೋಧ ಅರ್ಧ. ಆದರೆ ಅಡ್ಡಗಲ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ರೋಧ ಕಾಲು ಭಾಗ. ಹಾಗಾಗಿ ‘ಸ್ವಲ್ಪ ಸಣ್ಣ ಇದೆ, ಪರವಾಗಿಲ್ಲ’ ಅನ್ನುವಂತಿಲ್ಲ. ಎಳೆಯ ಅಡ್ಡಗಲ 10 ಶೇಕಡಾ ಕಡಿಮೆಯಾದರೆ ತಾಮ್ರ 19 ಶೇಕಡಾ ಕಡಿಮೆಯಾಗುತ್ತದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಹಳೆ ಎಲೆಕ್ಟ್ರಿಷಿಯನ್ನರು ಈಗಲೂ ಗೇಜ್‌ನಲ್ಲಿ ಮಾತಾಡುತ್ತಾರೆ. ಅದರಲ್ಲಿ ನಂಬರ್ ಹೆಚ್ಚಾದಷ್ಟೂ ತಂತಿ ಸಣ್ಣ. 7/20 ಅಂದರೆ 20ನೇ ಗೇಜಿನ ಏಳು ಎಳೆ. 20ನೇ ಗೇಜಿನ ಎಳೆ 0.914 ಮಿ.ಮೀ. ಇರುತ್ತದೆ, ಏಳೂ ಸೇರಿ ಸುಮಾರು 4.6 ಸ್ಕ್ವೇರ್.

ಸಬ್‌ಮರ್ಸಿಬಲ್ ಕೇಬಲ್‌ನಲ್ಲಿ ಕೂದಲಂಥ ಸಣ್ಣ ಎಳೆಗಳು ಇರುತ್ತವೆ. ಎಳೆಯ ಅಡ್ಡಗಲವನ್ನು ಅದರಿಂದಲೇ ಗುಣಿಸಿ, ಮತ್ತೆ 0.785ರಿಂದ ಗುಣಿಸಿ, ಎಷ್ಟು ಎಳೆಯೋ ಅದರಿಂದ ಗುಣಿಸಿ. ವಿಸ್ತೀರ್ಣ ಬಂತು. 0.3 ಮಿ.ಮೀ.ನ 56 ಎಳೆ ಇದ್ದರೆ ಸುಮಾರು 4 ಸ್ಕ್ವೇರ್. 84 ಇದ್ದರೆ ಸುಮಾರು 6. 0.4 ಮಿ.ಮೀ.ನ 80 ಎಳೆ ಇದ್ದರೆ 10.

ಕೂತು ಎಳೆ ಎಣಿಸಲು ತಾಳ್ಮೆ ಬೇಕು, 0.3 ಮಿ.ಮೀ. ಅಳೆಯಲು ಸ್ಕ್ರೂಗೇಜು ಬೇಕು. ನನಗೆ ತೂಕವೇ ಸುಲಭ. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ. ಅಂದರೆ 1 ಸ್ಕ್ವೇರ್‌ನ ತಂತಿ ಒಂದು ಮೀಟರ್‌ಗೆ 9 ಗ್ರಾಂ ತೂಗುತ್ತದೆ. ಕೇಬಲ್ ತುದಿಯಿಂದ ಸರಿಯಾಗಿ ಒಂದು ಮೀಟರ್ ಕತ್ತರಿಸಿ. ಒಳಗಿನ ಮೂರು ಕೋರ್‌ಗಳಲ್ಲಿ, ಅಂದರೆ ಪ್ಲಾಸ್ಟಿಕ್ ಹೊದ್ದ ಮೂರು ಬೇರೆ ಬೇರೆ ತಂತಿಗಳಲ್ಲಿ, ಒಂದರ ಪ್ಲಾಸ್ಟಿಕ್ ಪೂರ್ತಿ ಸುಲಿದು ತಾಮ್ರವನ್ನಷ್ಟೇ ತೂಗಿ. 4 ಸ್ಕ್ವೇರ್ ಆದರೆ 35 ಗ್ರಾಂ ಆಸುಪಾಸು ಬರಬೇಕು. 28ಕ್ಕೆ ಬಂದರೆ ನಿಮಗೆ ಕೊಟ್ಟದ್ದು 3 ಸ್ಕ್ವೇರ್ ಅಂತ ತಿಳಿಯಿರಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಚಿನ್ನದಂಗಡಿಗೆ ಹೋಗಿ. ನಾನು ಹೋಗಿದ್ದೆ. ಸುಮ್ನೆ ನಕ್ಕರು, ಆದರೆ ತೂಗಿ ಕೊಟ್ಟರು.

ಹಂತ 3: ಲೋಹ

ಚಿನ್ನದ ಮಾತು ಬಂದದ್ದಕ್ಕೆ ಒಂದು ವಿಷಯ. ಕೆಜಿಎಫ್‌ನ ಚಿನ್ನದಿಂದ ಕೇಬಲ್ ಮಾಡಿಸಿದ್ದರೂ ಅದು ತಾಮ್ರದಷ್ಟು ಚೆನ್ನಾಗಿ ಕರೆಂಟು ಒಯ್ಯುತ್ತಿರಲಿಲ್ಲ. ಈ ಸಾಲಿನಲ್ಲಿ ಮೊದಲು ಬೆಳ್ಳಿ, ಅದರ ಬೆನ್ನಿಗೇ ತಾಮ್ರ, ಆಮೇಲೆ ಚಿನ್ನ, ಆಮೇಲೆ ಅಲ್ಯೂಮಿನಿಯಂ. ಚಿನ್ನ ಮಸುಕಾಗುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಅದಕ್ಕೇ ಸಣ್ಣ ಕಾಂಟ್ಯಾಕ್ಟ್‌ಗಳಿಗೆ ಅದರ ಲೇಪ ಹಾಕುತ್ತಾರೆ, ಅಷ್ಟೇ.

ಅಲ್ಯೂಮಿನಿಯಂ ರೋಧ ತಾಮ್ರಕ್ಕಿಂತ ಸುಮಾರು 1.6 ಪಟ್ಟು. ತಾಮ್ರದ 10 ಸ್ಕ್ವೇರ್ ಕೆಲಸಕ್ಕೆ ಅಲ್ಯೂಮಿನಿಯಂ 16 ಸ್ಕ್ವೇರ್ ಬೇಕು. ಆದರೆ ಅದು ತುಂಬ ಹಗುರ. ಅಷ್ಟು ದಪ್ಪ ಮಾಡಿದರೂ ತೂಕ ತಾಮ್ರದ ಅರ್ಧದಷ್ಟೇ. ಕಂಬದಿಂದ ಕಂಬಕ್ಕೆ ಎಳೆದ ಲೈನು ಅದಕ್ಕೇ ಅಲ್ಯೂಮಿನಿಯಂದು, ಎಷ್ಟೋ ಕಡೆ ಬಲಕ್ಕೆ ನಡುವೆ ಉಕ್ಕಿನ ಎಳೆ ಇರುತ್ತದೆ. ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ಸ್ಟಾರ್ಟರ್ ತನಕ ನೀವೂ ಅಲ್ಯೂಮಿನಿಯಂ ಹಾಕಬಹುದು, ದಪ್ಪ ಸರಿ ಇದ್ದರೆ. ಅದನ್ನು ತಾಮ್ರದ ವೈರಿಗೆ ನೇರವಾಗಿ ತಿರುಚಿ ಕಟ್ಟುವುದು ಮಾತ್ರ ಬೇಡ. ತೇವ ತಾಗಿದರೆ ಎರಡೂ ಲೋಹ ಸೇರಿದ ಜಾಗ ಕೊರೆದುಹೋಗುತ್ತದೆ. ಎರಡೂ ಲೋಹಕ್ಕೆ ಹೊಂದುವ ಲಗ್ಗು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಬರುತ್ತದೆ, ಅದನ್ನೇ ಕೇಳಿ.

ಕಬ್ಬಿಣ ತಾಮ್ರಕ್ಕಿಂತ ಸುಮಾರು ಆರು ಪಟ್ಟು ಅಡ್ಡಿ ಮಾಡುತ್ತದೆ. ಬೇಲಿ ತಂತಿಯನ್ನು ‘ಎರಡು ದಿನಕ್ಕೆ’ ಎಂದು ಫೇಸ್‌ಗೆ ಎಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪ್ರಾಣಕ್ಕೆ ಅಪಾಯ, ಮೋಟಾರಿಗೂ ಅಪಾಯ. ನೀರು ಕಾಯಿಸುವ ಕಾಯಿಲ್ಲಿನಲ್ಲಿರುವ ನೈಕ್ರೋಮ್ ಇನ್ನೂ ಆಚೆಗೆ, ತಾಮ್ರದ ಅರವತ್ತು ಪಟ್ಟಿಗೂ ಜಾಸ್ತಿ. ಅಲ್ಲಿ ನಮಗೆ ಬೇಕಾದದ್ದೇ ಬಿಸಿ.

ಈಗ ಮೋಸದ ವಿಷಯ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವ ತಂತಿ ಮಾರುಕಟ್ಟೆಯಲ್ಲಿದೆ. ನೋಡಲು ತಾಮ್ರದಂತೆಯೇ ಇರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆಯಿರಿ. ಒಳಗೆ ಬಿಳಿ ಕಂಡರೆ ಮುಗಿಯಿತು. ತೂಕದ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತದೆ: 35 ಗ್ರಾಂ ಬರಬೇಕಾದಲ್ಲಿ 15ರ ಆಸುಪಾಸು ತೋರಿಸುತ್ತದೆ.

ಹಂತ 4: ರೋಧದ ಲೆಕ್ಕ

ಶುದ್ಧ ತಾಮ್ರಕ್ಕೆ ಪುಸ್ತಕದ ಅಂಕಿ 0.0172. ಅಂದರೆ 1 ಸ್ಕ್ವೇರ್ ತಂತಿ ಒಂದು ಮೀಟರ್‌ಗೆ ಅಷ್ಟು ಓಮ್. ಎಳೆಗಳು ಹುರಿಗೊಂಡಿರುವುದರಿಂದ, ತಯಾರಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವುದರಿಂದ ನಿಜವಾದ ಕೇಬಲ್ ಇನ್ನೊಂದಿಷ್ಟು ಜಾಸ್ತಿ ತೋರಿಸುತ್ತದೆ. 4 ಸ್ಕ್ವೇರ್ ಕೇಬಲ್‌ಗೆ ಮಾನಕದ ಪ್ರಕಾರ ಕಿಲೋಮೀಟರಿಗೆ 4.95 ಓಮ್ ತನಕ ಇರಬಹುದು. 6ಕ್ಕೆ 3.30, 10ಕ್ಕೆ 1.91. ಇವೆಲ್ಲ ನೆನಪಿಡುವುದು ಕಷ್ಟ ಅಲ್ವಾ? ಅದಕ್ಕೆ ನಾನು 0.02 ಇಟ್ಟುಕೊಂಡಿದ್ದೇನೆ. ಮೀಟರ್ ಗುಣಿಸು 0.02, ಭಾಗಿಸು ಸ್ಕ್ವೇರ್. ಒಂದು ಕೋರ್‌ನ ರೋಧ ಸಿಕ್ಕಿತು.

ನಮ್ಮ 366 ಮೀಟರ್‌ಗೆ: 4 ಸ್ಕ್ವೇರ್ ಆದರೆ 1.83 ಓಮ್, 6 ಆದರೆ 1.22, 10 ಆದರೆ 0.73, 16 ಆದರೆ 0.46. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಹಂತ 5: ಎಷ್ಟು ವೋಲ್ಟ್ ಕರಗುತ್ತದೆ

ಮೋಟಾರಿನ ಪ್ಲೇಟ್ ಮೇಲೆ ಪೂರ್ತಿ ಲೋಡಿನ ಆಂಪಿಯರ್ ಬರೆದಿರುತ್ತದೆ. ನಮ್ಮ 10 ಎಚ್‌ಪಿಯದು 17. ತ್ರೀ ಫೇಸ್‌ಗೆ ಲೆಕ್ಕ: 1.73 ಗುಣಿಸು ಆಂಪಿಯರ್ ಗುಣಿಸು ರೋಧ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸೇರಿಸಿದರೆ ಇನ್ನೂ ಸ್ವಲ್ಪ ಕಡಿಮೆ ಬರುತ್ತದೆ. ನಾನು ಸೇರಿಸುವುದಿಲ್ಲ. ಲೆಕ್ಕ ತಪ್ಪುವುದಾದರೆ ಮೋಟಾರಿನ ಪರವಾಗಿಯೇ ತಪ್ಪಲಿ.

4 ಸ್ಕ್ವೇರ್‌ನಲ್ಲಿ 54 ವೋಲ್ಟ್ ಕರಗಿತು. 6ರಲ್ಲಿ 36, 10ರಲ್ಲಿ 21 ಚಿಲ್ಲರೆ, 16ರಲ್ಲಿ 13.

ಹಳೆ ಬೋರ್‌ನದನ್ನೂ ಹಾಕಿ ನೋಡಿದೆ. 5 ಎಚ್‌ಪಿ, ಎಂಟೂವರೆ ಆಂಪಿಯರ್, 183 ಮೀಟರ್, ಅದೇ 4 ಸ್ಕ್ವೇರ್: ಹದಿಮೂರೂವರೆ ವೋಲ್ಟ್. ಅಂದರೆ ಉದ್ದ ಎರಡರಷ್ಟಾಯಿತು, ಕರೆಂಟೂ ಎರಡರಷ್ಟಾಯಿತು, ನಷ್ಟ ಮಾತ್ರ ನಾಲ್ಕರಷ್ಟಾಯಿತು. ಹಳೆ ಕೇಬಲ್ ಅಷ್ಟು ವರ್ಷ ಚೆನ್ನಾಗಿ ನಡೆದದ್ದೂ ನಿಜ, ಹೊಸ ಬೋರ್‌ನಲ್ಲಿ ಅದೇ ಕೇಬಲ್ ಮೋಟಾರನ್ನು ಕೊಂದದ್ದೂ ನಿಜ.

54 ವೋಲ್ಟ್ ಹೋದರೆ ಏನಾಗುತ್ತದೆ? ಲೈನಿನಲ್ಲಿ 415 ಇರಬೇಕಾದ್ದು ಸಂಜೆ ಎಲ್ಲರೂ ಪಂಪು ಹಾಕಿದಾಗ 380 ಇದೆ ಅಂದುಕೊಳ್ಳಿ. ಕೆಳಗೆ ಮೋಟಾರಿಗೆ ಸಿಗುವುದು 326. ನಮ್ಮ ಬೋರ್ ಮೋಟಾರಿನಂಥ ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟ್ 79 ಶೇಕಡಾಕ್ಕೆ ಇಳಿದರೆ ಬಲ 62 ಶೇಕಡಾಕ್ಕೆ. ಮೇಲೆ ಸಾವಿರ ಅಡಿ ನೀರಿನ ಭಾರ ಹಾಗೇ ಇದೆ. ಮೋಟಾರು ಏದುಸಿರು ಬಿಡುತ್ತಾ ಜಾಸ್ತಿ ಕರೆಂಟು ಎಳೆಯುತ್ತದೆ. ಜಾಸ್ತಿ ಕರೆಂಟಿಗೆ ಕೇಬಲ್‌ನಲ್ಲಿ ಇನ್ನಷ್ಟು ವೋಲ್ಟು ಕರಗುತ್ತದೆ. ಸ್ಟಾರ್ಟ್ ಆಗುವಾಗ ಎಳೆಯುವುದು ಇದರ ಹಲವು ಪಟ್ಟು, ಆಗಿನ ಪಾಡು ಹೇಳುವುದೇ ಬೇಡ. ಕಾಯಿಲ್ ಬಿಸಿಯಾಗಿ ವಾರ್ನಿಷ್ ಸುಡುತ್ತದೆ. ನಾವು ಎರಡು ಸಲ ಅದರ ವಾಸನೆ ನೋಡಿದ್ದೇವೆ.

ಕರಗುವ ವೋಲ್ಟು 415ರ 3 ಶೇಕಡಾ, ಅಂದರೆ 12ರ ಒಳಗೆ ಇದ್ದರೆ ಉತ್ತಮ. 5 ಶೇಕಡಾ, ಅಂದರೆ 21ರ ತನಕ ನಡೆಯುತ್ತದೆ. ಅದರ ಮೇಲೆ ಹೋದರೆ ಒಂದು ಸೈಜು ದಪ್ಪ ಮಾಡಿ. ನಾವು 10 ಸ್ಕ್ವೇರ್ ತಂದೆವು, ಅದರ 21 ಚಿಲ್ಲರೆ ಪವರ್ ಫ್ಯಾಕ್ಟರ್ ಸೇರಿಸಿದರೆ ಮಿತಿಯ ಒಳಗೇ ಬರುತ್ತದೆ. ತಾಮ್ರ ಎರಡೂವರೆ ಪಟ್ಟು, ಬೆಲೆಯೂ ಅದೇ ದಾರಿಯಲ್ಲಿ, ಕೈ ನಡುಗಿತು. ಆದರೆ ಎರಡು ಸಲದ ರೀವೈಂಡಿಂಗ್, ಎರಡು ಸಲ ಪೈಪ್ ಎತ್ತಿ ಇಳಿಸಿದ ಕೂಲಿ, ನೀರಿಲ್ಲದೆ ಬಾಡಿದ ಟೊಮೆಟೊ ಎಲ್ಲ ಕೂಡಿಸಿ ನೋಡಿದ ಮೇಲೆ ನಡುಕ ನಿಂತಿತು.

ಶಾಖದ ಲೆಕ್ಕವೂ ಇದೆ: ಆಂಪಿಯರ್ ಗುಣಿಸು ಆಂಪಿಯರ್ ಗುಣಿಸು ರೋಧ, ಅದರ ಮೂರು ಪಟ್ಟು. 4 ಸ್ಕ್ವೇರ್‌ನಲ್ಲಿ ಸುಮಾರು 1,590 ವ್ಯಾಟ್, 10ರಲ್ಲಿ 630 ಚಿಲ್ಲರೆ. 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಹಾಗಾಗಿ ಬಿಲ್‌ನಲ್ಲಿ ಇದು ಕಾಣುವುದಿಲ್ಲ. ಕಾಣದ್ದರಿಂದಲೇ ಯಾರೂ ಲೆಕ್ಕ ಹಾಕುವುದಿಲ್ಲ ಅಂತ ನನ್ನ ಅನಿಸಿಕೆ.

ದಪ್ಪ ಮಾಡದೆ ನಷ್ಟ ಇಳಿಸುವ ಇನ್ನೊಂದು ದಾರಿ ಇದೆ, ಕರೆಂಟನ್ನೇ ಕಡಿಮೆ ಮಾಡುವುದು. ನಮ್ಮ ಜಿಲ್ಲೆಗೇ ಅದು ಚೆನ್ನಾಗಿ ಗೊತ್ತಿರಬೇಕು. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಸುಮಾರು 92 ಮೈಲಿ ದೂರ ವಿದ್ಯುತ್ ತಂದರಲ್ಲ, 415 ವೋಲ್ಟ್‌ನಲ್ಲಿ ತಂದಿದ್ದರೆ ಕೋಲಾರಕ್ಕೆ ಒಂದು ಬಲ್ಬಿನಷ್ಟೂ ಬರುತ್ತಿರಲಿಲ್ಲ. 30 ಸಾವಿರ ವೋಲ್ಟ್‌ನ ಮಟ್ಟಕ್ಕೆ ಏರಿಸಿ ಕಳಿಸಿದರು. ಅಷ್ಟೇ ಶಕ್ತಿಗೆ ಕರೆಂಟು 70 ಪಟ್ಟು ಕಡಿಮೆ ಸಾಕು, ತಂತಿಯಲ್ಲಿ ಸುಡುವುದು 5,000 ಪಟ್ಟು ಕಡಿಮೆ. ನಮ್ಮ ಮೋಟಾರಿಗೆ ಅದು ಆಗದ ಮಾತು. ಟಿಸಿಯನ್ನು ಬೋರ್ ಹತ್ತಿರ ಹಾಕಿಸಿಕೊಳ್ಳುವುದಷ್ಟೇ ನಮ್ಮ ಕೈಲಿರುವ ದಾರಿ.

ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೊದಲು ಕಡಿಮೆ ಕರೆಂಟಿನಲ್ಲಿ ಎಬ್ಬಿಸಿ ಆಮೇಲೆ ಪೂರ್ತಿ ಕೊಡುವಂಥದು) ಇದ್ದು ಎರಡು ಕೇಬಲ್, ಅಂದರೆ ಆರು ಕೋರ್, ಕೆಳಗೆ ಹೋಗಿದ್ದರೆ ಓಡುವಾಗಿನ ನಷ್ಟವನ್ನು ಮೂರರಲ್ಲಿ ಎರಡು ಭಾಗ ಎಂದು ಹಿಡಿಯಿರಿ. ಮನೆಯಲ್ಲಿ ಒಂದೇ ಉದ್ದದ ಎರಡು ಹಳೆ 4 ಸ್ಕ್ವೇರ್ ಕೇಬಲ್ ಬಿದ್ದಿದ್ದರೆ ಕೋರ್‌ಗೆ ಕೋರ್ ಜೋಡಿಸಿ 8 ಸ್ಕ್ವೇರ್‌ನಂತೆ ಬಳಸಲೂಬಹುದು. ಆದರೆ ಒಂದರ ಜಾಯಿಂಟ್ ಸಡಿಲವಾದರೆ ಭಾರವೆಲ್ಲ ಇನ್ನೊಂದರ ಮೇಲೆ. ನನಗೆ ಅದು ಅಷ್ಟು ಇಷ್ಟವಿಲ್ಲ.

ಹಂತ 6: ಇಳಿಸುವ ಮೊದಲು ಲೂಪ್ ಪರೀಕ್ಷೆ

ಇದನ್ನೊಂದು ತಪ್ಪಿಸಬೇಡಿ. ಕೇಬಲ್ ಇನ್ನೂ ನೆಲದ ಮೇಲಿರುವಾಗ, ಯಾವ ಕಡೆಗೂ ಕರೆಂಟು ಕೊಡದೆ, ಒಂದು ತುದಿಯಲ್ಲಿ ಎರಡು ಕೋರ್‌ಗಳನ್ನು ಉಜ್ಜಿ ಬಿಗಿಯಾಗಿ ಸೇರಿಸಿ. ಇನ್ನೊಂದು ತುದಿಯಲ್ಲಿ ಅದೇ ಎರಡು ಕೋರ್‌ಗೆ ಮಲ್ಟಿಮೀಟರ್ ಹಿಡಿಯಿರಿ. ಹೋಗಿ ಬಂದ ದಾರಿ ಆದ್ದರಿಂದ ಒಂದು ಕೋರ್‌ನ ಎರಡರಷ್ಟು ಬರಬೇಕು. 1,200 ಅಡಿ 4 ಸ್ಕ್ವೇರ್‌ಗೆ 3.6, 10ಕ್ಕೆ 1.4 ಆಸುಪಾಸು.

ಮೀಟರಿನ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೂ 0.2, 0.3 ತೋರಿಸುತ್ತದೆ. ಅದು ಕಡ್ಡಿ ವೈರಿನದೇ ರೋಧ, ಅದನ್ನು ಕಳೆಯಿರಿ. ಮೂರು ಕೋರ್‌ನಲ್ಲಿ ಮೂರು ಜೋಡಿ ಮಾಡಿ ನೋಡಿ. ಮೂರೂ ಒಂದೇ ಇರಬೇಕು. ಎಲ್ಲವೂ ಲೆಕ್ಕಕ್ಕಿಂತ ಒಂದೂವರೆ ಪಟ್ಟು ಇದ್ದರೆ ದಪ್ಪದಲ್ಲೋ ಲೋಹದಲ್ಲೋ ಮೋಸ. ಲೆಕ್ಕಕ್ಕಿಂತ ತೀರಾ ಕಡಿಮೆ ಬಂದರೆ ಖುಷಿಪಡಬೇಡಿ, ಅಡಿ ಕಡಿಮೆ ಕೊಟ್ಟಿರಬಹುದು. ಒಂದು ಜೋಡಿ ಸರಿ ಇದ್ದು ಉಳಿದ ಎರಡು ಜೋಡಿ ಜಾಸ್ತಿ ಇದ್ದರೆ ಆ ಎರಡರಲ್ಲೂ ಇರುವ ಕೋರ್‌ನ ಜಾಯಿಂಟ್ ನೋಡಿ.

ಜಾಯಿಂಟ್ ಬಗ್ಗೆ ಎರಡು ಮಾತು. ಬೋರ್ ಎತ್ತಿದಾಗಲೆಲ್ಲ ಕತ್ತರಿಸಿ ಸೇರಿಸಿ, ಕೆಲವರ ಕೇಬಲ್‌ನಲ್ಲಿ ಐದಾರು ಗಂಟು. ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಒಂದು ಗಂಟು ಬರೀ 0.1 ಓಮ್ ಇದ್ದರೂ 17 ಆಂಪಿಯರ್‌ಗೆ ಅಲ್ಲಿ 29 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಕಡ್ಡಿ ಇರುವುದೇ 25 ವ್ಯಾಟ್. ಅಂಥದೊಂದನ್ನು ಟೇಪಿನೊಳಗೆ ಸುತ್ತಿ ಬಾವಿಗೆ ಬಿಟ್ಟ ಹಾಗೆ. ತಾಮ್ರದ ಸ್ಲೀವ್ (ಸಣ್ಣ ಕೊಳವೆ) ಹಾಕಿ ಕ್ರಿಂಪ್ ಮಾಡಿಸಿ, ಅಂದರೆ ಇಕ್ಕಳದಂಥ ಉಪಕರಣದಿಂದ ಒತ್ತಿ ಬಿಗಿ ಮಾಡಿಸಿ, ಮೇಲೆ ರಬ್ಬರ್ ಟೇಪ್, ಅದರ ಮೇಲೆ ಪಿವಿಸಿ ಟೇಪ್. ಓಡುತ್ತಿರುವ ಲೈನಿನ ವೋಲ್ಟ್, ಆಂಪ್ ನೋಡುವುದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಕೆಪಾಸಿಟರ್ ಇದ್ದರೆ ಸ್ವಿಚ್ ತೆಗೆದ ಮೇಲೂ ಹೊಡೆಯುತ್ತದೆ.

ಕೊನೆಗೆ, ಅಳೆದದ್ದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆಯಿರಿ. ಮುಂದಿನ ಸಲ ಎತ್ತಿದಾಗ ಅದೇ ಪರೀಕ್ಷೆ ಮಾಡಿ ಹೋಲಿಸಬಹುದು, ಏರಿದ್ದರೆ ಜಾಯಿಂಟ್ ಕೆಟ್ಟಿದೆ ಎಂದು ಆಗಲೇ ಗೊತ್ತಾಗುತ್ತದೆ. ನಮ್ಮ ಮುಚ್ಚಳದಲ್ಲಿ ಈಗ ಇರುವುದು: 1,200 ಅಡಿ, 10 ಸ್ಕ್ವೇರ್ ತಾಮ್ರ, ಜಾಯಿಂಟ್ 1, ಲೂಪ್ 1.4. ಅದರ ಕೆಳಗೆ ನಮ್ಮಪ್ಪ ತಾವಾಗಿಯೇ ಮೋಟಾರ್ ಎರಡು ಸಲ ಸುಟ್ಟ ತಾರೀಕನ್ನೂ ಬರೆದಿಟ್ಟಿದ್ದಾರೆ.